ನೋಡದೆ ಏನನ್ನೂ ಹೇಳದವರು

ನಮ್ಮ ಕಾಲೇಜಿನ ಸಾರ್ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊದಲು ನನ್ನ ಕಡೆ ಚಾಚುತ್ತಿದ್ದರು. "ಕೊಂಚ ಮೂಸಿ ನೋಡಮ್ಮಾ, ತಯಿರ್‌ಸಾದ, ಮೊಸರನ್ನ, ಹುಳಿ ಬಂದಿದೆಯಾ?" ನಾನು ಮೂಸಿ ಇಲ್ಲವೆಂದ ಮೇಲೆಯೇ ಮೊದಲ ತುತ್ತು. ಸತ್ತ ಪ್ರಾಣಿ ಕೊಳೆಯದಂತೆ ಗಾಜಿನ ಸೀಸೆಯಲ್ಲಿ ತುಂಬುವ ಔಷಧದ ನೀರಿಗೆ ಫಾರ್ಮಲಿನ್ ಎನ್ನುತ್ತಾರೆ. ಕಣ್ಣು ಉರಿಸುತ್ತದೆ, ಗಂಟಲು ಕೆರೆಯುತ್ತದೆ. ಅದರ ಆವಿಯಲ್ಲಿ ಇಡೀ ಆಯುಷ್ಯ ಓಡಾಡಿ ಅವರ ಮೂಗು ಅವರಿಗಿಂತ ಬಹಳ ಮೊದಲೇ ಸತ್ತಿತ್ತು.

ಅವರು ತೀರಿಕೊಂಡು ಇಪ್ಪತ್ತು ದಿನವಾಯಿತು. ಮೂಗಿನ ಹಿಂದೆ ಬೆಳೆದ ಗೆಡ್ಡೆ ಗಂಟಲಿಗೆ ಇಳಿಯಿತು. ಅವರ ಸೊಸೆ ಫೋನು ಮಾಡಿದಾಗ ನಾನು ನಿಮಗೆ ದೋಸೆ ಹುಯ್ಯುತ್ತಿದ್ದೆ. ಹೆಂಚಿನ ಮೇಲಿದ್ದದ್ದು ಕರಿಯಾಯಿತು. ನೀವಿಬ್ಬರು ಮೊಮ್ಮಕ್ಕಳೂ ಅದನ್ನು ನೋಡಿ ನಕ್ಕಿರಿ.

ಊಟಕ್ಕೆ ಕೂತಾಗಲೆಲ್ಲ ನೀವು "ಪಾಟಿ, ಇನ್ನೊರು ಫ್ಯಾಕ್ಟ್ ಸೊಲ್ಲು" ಎನ್ನುತ್ತೀರಲ್ಲ, ಅಜ್ಜಿ ಇನ್ನೊಂದು ಸಂಗತಿ ಹೇಳು ಎಂದು, ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಸ್ಕೂಲಿನಲ್ಲಿ ಹೇಳಿ ಮಿಸ್ ಹತ್ತಿರ ಶಹಭಾಸ್ ಅನ್ನಿಸಿಕೊಂಡಿರಲ್ಲ, ಅದೊಂದೂ ನನ್ನದಲ್ಲ. ನಾನು ಮಧುಗಿರಿ ಪಕ್ಕದ ಹಳ್ಳಿಯಲ್ಲಿ ಏಳನೆಯ ಕ್ಲಾಸು ಓದಿದವಳು. ನನಗೆ ಗೊತ್ತಿರುವುದೆಲ್ಲ ಅವರು ಕೊಟ್ಟದ್ದು. ಎದುರಿಗೆ ಕೂತು ಹೇಳಲು ನನಗೆ ಮೊದಲಿನಿಂದಲೂ ಬಾಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಿಮ್ಮ ಅಮ್ಮ ಮೊದಲು ತಾನೊಬ್ಬಳೇ ಓದಲಿ. ಆಮೇಲೆ ನಿಮಗೆ ಎಷ್ಟು ಓದಬೇಕು, ಯಾವಾಗ ಓದಬೇಕು ಎಂಬುದು ಅವಳಿಗೆ ಬಿಟ್ಟದ್ದು.

ನಿಮ್ಮ ತಾತ ಉತ್ತರ ಚೆನ್ನೈಯ ಒಂದು ಹಳೆಯ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಒಂದು ಬೆಳಿಗ್ಗೆ ಅಂಬತ್ತೂರು ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ನಿಮ್ಮ ಅಮ್ಮನಿಗೆ ಆಗ ಹದಿನಾರು ವರ್ಷ. ಅವರ ಕೆಲಸವನ್ನು ಅನುಕಂಪದ ಮೇಲೆ ನನಗೆ ಕೊಟ್ಟರು. ಅದೇ ಕಾಲೇಜು, ಅದೇ ಪ್ರಾಣಿಶಾಸ್ತ್ರದ ಮ್ಯೂಸಿಯಂ, ಅವರು ಹಿಡಿದಿದ್ದ ಅದೇ ಒರೆಸುವ ಬಟ್ಟೆ.

ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ನೆಲದಿಂದ ಸೂರಿನವರೆಗೆ ಗಾಜಿನ ಬೀರುಗಳು. ಹಾವು, ಮೀನು, ಎರಡು ತಲೆಯ ಮೇಕೆ ಮರಿ. ಹೊರಗೆ ಓಡಿ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ತಲೆ ಎತ್ತಿದರೆ ಒಬ್ಬರು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ಹಣೆಯಲ್ಲಿ ಅಂಗಾರ, ಅಕ್ಷತೆ. ಅರ್ಧ ತೋಳಿನ ಖಾಕಿ ಕೋಟು. ಮ್ಯೂಸಿಯಂ ನೋಡಿಕೊಳ್ಳುವವರು ಅವರೇ. ಎಲ್ಲರೂ ಅವರನ್ನು ಮ್ಯೂಸಿಯಂ ಸಾರ್ ಎನ್ನುತ್ತಿದ್ದರು. ನಾನು ಬರೀ ಸಾರ್ ಎನ್ನುತ್ತಿದ್ದೆ.

"ಪರವಾಯಿಲ್ಲಮ್ಮಾ, ವಾಂತಿ ಒಳ್ಳೇದೇ," ಎಂದರು. "ಇಲಿಗೆ ವಾಂತಿ ಮಾಡೋಕೆ ಬರೋಲ್ಲ, ತೆರಿಯುಮಾ? ಅದಕ್ಕೇ ವಿಷ ತಿಂದ್ರೆ ಸಾಯೋದು. ನೀನು ಬದುಕ್ಕೊಳ್ತೀ, ಬಾ."

ಅವರದು ಮೂರು ತಲೆಮಾರು ಮದ್ರಾಸಿನಲ್ಲೇ ಇದ್ದ ಕನ್ನಡ ವೈಷ್ಣವರ ಮನೆ. ಅವರ ಕನ್ನಡದಲ್ಲಿ ಅರ್ಧ ತಮಿಳು. ಹೆಣ ಮುಟ್ಟುವ ಕೆಲಸವೆಂದು ಮನೆಯಲ್ಲಿ ಅವರಿಗೆ ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಸಂಜೆ ಐದಕ್ಕೆ ಕಾಲೇಜಿನ ಹಿಂದಿನ ನಲ್ಲಿಯಲ್ಲಿ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲಲ್ಲೇ ಬಸ್ಸು ಹತ್ತುತ್ತಿದ್ದರು. ಮಳೆಗಾಲದಲ್ಲೂ ಅಷ್ಟೇ. "ನಮ್ಮಮ್ಮ ಸಾಯೋವರೆಗೂ ನನ್ನ ಕೈಯಿಂದ ನೀರು ಕುಡೀಲಿಲ್ಲಮ್ಮಾ," ಎಂದು ಒಮ್ಮೆ ಹೇಳಿ, ಮುಂದಿನ ಸೀಸೆಯ ದೂಳು ಒರೆಸಿದರು.

ಅವರ ಮುಂದೆ ಯಾರೂ ಸುಮ್ಮನೆ ಒಂದು ಮಾತು ಹೇಳಿ ದಾಟಿಕೊಳ್ಳುವಂತಿರಲಿಲ್ಲ. ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂದು ಒಬ್ಬ ಲೆಕ್ಚರರ್ ಹೇಳಿದರು. "ನೋಡಿದ್ದೀರಾ ಸಾರ್?" ಎಂದು ಕೇಳಿದರು ಇವರು. ಆತ ನಕ್ಕರು. ಇವರು ನಗಲಿಲ್ಲ. ಬಾವಲಿಯ ಸೀಸೆ ತಂದು, ಅದರ ಕಣ್ಣು ತೋರಿಸಿ, "ಕಾಣುತ್ತೆ. ಚೆನ್ನಾಗೇ ಕಾಣುತ್ತೆ," ಎಂದು ತಿರುಗಿ ಇಟ್ಟುಬಂದರು. ತಮ್ಮ ಮಾತಿಗೂ ಅದೇ ಕಟ್ಟುನಿಟ್ಟು. ಏನಾದರೂ ಹೇಳಿದರೆ ಕೊನೆಯಲ್ಲಿ ಇದು ಕಂಡದ್ದು ಎಂದೋ ಇದು ಓದಿದ್ದು ಎಂದೋ ಸೇರಿಸುತ್ತಿದ್ದರು. ಎರಡೂ ಅಲ್ಲದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ.

ಸೇರಿದ ತಿಂಗಳಲ್ಲೇ ನಾನು ಅವರನ್ನು ಒಂದು ಪ್ರಶ್ನೆ ಕೇಳಿದ್ದೆ. ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿಟ್ಟರೂ ಕೊಂಚ ಹೊತ್ತು ಬಡಿಯುತ್ತದೆ, ಹೃದಯಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ ಎಂದು ಅವರು ಹೇಳುತ್ತಿದ್ದರು. ನನ್ನ ಬಾಯಿಂದ ತಾನಾಗಿ ಬಂತು: "ಹಾಗಾದರೆ ನಮ್ಮ ಯಜಮಾನರದ್ದು ಯಾಕೆ ನಿಂತಿತು ಸಾರ್?"

ಬೇರೆ ಯಾರಾದರೂ ಆಗಿದ್ದರೆ ದೇವರಿಚ್ಛೆ ಎನ್ನುತ್ತಿದ್ದರು. ಅವರು, "ನೋಡದೆ ಹೇಳಲಾರೆ ಅಮ್ಮಾ," ಎಂದರು. ಆ ಹೊತ್ತಿಗೆ ಕೋಪ ಬಂತು. ಆಮೇಲೆ ಅನ್ನಿಸಿತು, ನಿಮ್ಮ ತಾತ ಹೋದ ಮೇಲೆ ನನ್ನೊಂದಿಗೆ ಸುಳ್ಳು ಹೇಳದ ಮೊದಲ ಮನುಷ್ಯ ಇವರೇ ಎಂದು.

ಬೆಳಿಗ್ಗೆ ಅವರು ರಾಯಪುರಂ ಕಡಲ ದಡಕ್ಕೆ ಹೋಗಿ, ಬಲೆಗೆ ಸಿಕ್ಕಿ ಸತ್ತ, ಯಾರಿಗೂ ಬೇಡದ ಜೀವಗಳನ್ನು ಆರಿಸಿ ತರುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಮೀನು ಮಾರುವ ಹೆಂಗಸರಿಗೆಲ್ಲ ಅವರ ಗುರುತು. ಒಬ್ಬಳು ದೂರದಿಂದಲೇ, "ಐಯರೇ, ಇನ್ನಿಕ್ಕಿ ಎನ್ನ ಕೊಳಂಬು?" ಎಂದು ಕೂಗಿದಳು. ಇವತ್ತು ಯಾವ ಮೀನಿನ ಸಾರು ಎಂದು ತಮಾಷೆ. ಸಾರ್ ಅವಳ ಬುಟ್ಟಿಯಿಂದ ಬೆರಳುದ್ದದ ಒಂದು ಕಡಲಕುದುರೆ ಎತ್ತಿ, ಅದರ ಉಬ್ಬಿದ ಹೊಟ್ಟೆ ತೋರಿಸಿದರು. ಇದು ಗಂಡು, ಮರಿಗಳನ್ನು ಹೊಟ್ಟೆಚೀಲದಲ್ಲಿ ಹೊತ್ತು ಹೆರುವುದು ಗಂಡೇ ಎಂದರು. ಅವಳು ಕತ್ತಿ ಕೆಳಗಿಟ್ಟು ಅದನ್ನೇ ದಿಟ್ಟಿಸಿದಳು.

"ಏಳು ಹೆತ್ತೆ ಐಯರೇ ನಾನು," ಎಂದಳು. "ಇಂಥಾ ಆಂಬಳೆ, ಇಂಥಾ ಗಂಡಸು ಒಬ್ಬ ಸಿಕ್ಕಿದ್ರೆ ನನಗೊಂದು ಹಿಡಿದಿಡಿ. ನನ್ನ ಮನೇಲಿರೋದನ್ನ ನಿಮ್ಮ ಬಾಟ್ಲಿಗೆ ಹಾಕ್ಕೊಳ್ಳಿ!"

ಸುತ್ತಲಿನವರೆಲ್ಲ ಬಿದ್ದುಬಿದ್ದು ನಕ್ಕರು. ಸಾರ್ ಮಾತ್ರ ಗಂಭೀರವಾಗಿ, "ಅಷ್ಟು ದೊಡ್ಡ ಬಾಟ್ಲು ಇಲ್ಲಮ್ಮಾ," ಎಂದರು. ಅವರು ತಮಾಷೆ ಮಾಡಿದರೋ ನಿಜವನ್ನೇ ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಅವರು ಕೊಟ್ಟದ್ದರಲ್ಲಿ ಸಿಹಿ ಕಡಿಮೆ. ಕಾಲೇಜಿನ ಅತ್ತಿ ಮರದಿಂದ ಒಂದು ಹಣ್ಣು ಕಿತ್ತು, ಸೀಳಿ ನನ್ನ ಅಂಗೈಯಲ್ಲಿಟ್ಟರು. ಒಳಗೆ ಮಿಜಿಗುಡುವ ಹುಳ. ನಾವು ಹಣ್ಣು ಎನ್ನುವುದರೊಳಗೇ ಅತ್ತಿಯ ಹೂವುಗಳೆಲ್ಲ ಇರುತ್ತವೆ. ಅವುಗಳಿಗೆ ಪರಾಗ ತರುವ ಸಣ್ಣ ಕಣಜ ಸೂಜಿಮೊನೆಯಂಥ ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಬಾಗಿಲು ಒಂದೇ ಕಡೆಗೆ ತೆರೆಯುವ ಮನೆ. ತಾಯಿ ಆಕ್ಟೋಪಸ್ ಮೊಟ್ಟೆಗಳನ್ನು ಕಾಯುತ್ತಾ ಊಟ ಬಿಡುತ್ತದೆ, ಮರಿ ಹೊರಬರುವ ಹೊತ್ತಿಗೆ ಅದರ ಮೂರು ಹೃದಯವೂ ನಿಲ್ಲುತ್ತವೆ. ಆ ಕಥೆ ಹೇಳಿದಾಗ ನಾನು ಸೆರಗು ಬಾಯಿಗೆ ಹಿಡಿದೆ. ಅವರು ನೋಡಿಯೂ ನೋಡದವರಂತೆ, "ಇದು ಓದಿದ್ದು," ಎಂದು ಮಾತ್ರ ಹೇಳಿದರು.

ಮ್ಯೂಸಿಯಮ್ಮಿನ ಎಲ್ಲ ಸೀಸೆಗಳನ್ನೂ ಒರೆಸಿ, ಇಳಿದ ನೀರನ್ನು ತುಂಬಿ, ಮುಚ್ಚಳಕ್ಕೆ ಮೇಣ ಬಳಿಯುವುದು ನನ್ನ ಕೆಲಸ. ಒಂದು ಬೀರು ಬಿಟ್ಟು. ಕೋಣೆಯ ತುದಿಯಲ್ಲಿ, ಹಸಿರು ಪರದೆಯ ಹಿಂದೆ ಅದಿತ್ತು. ಅದರಲ್ಲಿ ಆರು ಸೀಸೆ. ಹೊಟ್ಟೆಯೊಳಗೆ ಮನುಷ್ಯರ ಮಗು ಹೇಗೆ ಬೆಳೆಯುತ್ತದೆ ಎಂದು ತೋರಿಸಲು, ಎರಡನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗೆ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ.

"ಆ ಬೀರು ನಿನ್ನ ಕೆಲಸ ಅಲ್ಲ," ಎಂದು ಮೊದಲ ವಾರವೇ ಹೇಳಿದ್ದರು. ಬೀಗದ ಕೈ ಅವರ ಜನಿವಾರದಲ್ಲಿ. ಅದಕ್ಕೆ ನೀರು ಬದಲಿಸುವಾಗ ನನ್ನನ್ನು ಏನಾದರೂ ತರಲು ಹೊರಗೆ ಕಳಿಸುತ್ತಿದ್ದರು. ಹುಡುಗರು ಪರದೆ ಸರಿಸಿ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋದರೆ, ಎಂದೂ ದನಿ ಎತ್ತದವರು ಕಿರುಚುತ್ತಿದ್ದರು. "ನಿಮ್ಮಮ್ಮನ ಹೊಟ್ಟೇಲಿದ್ದಾಗ ನಿನ್ನ ಫೋಟೋ ಯಾರಾದ್ರೂ ಊರಿಗೆಲ್ಲ ಹಂಚಿದ್ರಾಡಾ? ಪೋಡಾ ವೆಳಿಯೆ!" ಹೊರಗೆ ನಡಿ ಎಂದು.

ಈಗ ನಿಮ್ಮ ಅಮ್ಮನಿಗೆ ಗೊತ್ತಿಲ್ಲದ್ದನ್ನು ಬರೆಯಬೇಕು. ಅವಳಿಗಿಂತ ಎರಡು ವರ್ಷ ಮೊದಲು ನನಗೆ ಒಂದು ಹೆಣ್ಣುಮಗು ಆಗಿತ್ತು. ಏಳು ತಿಂಗಳಿಗೇ ಬಂತು. ಅಳಲಿಲ್ಲ. ಸರ್ಕಾರಿ ಆಸ್ಪತ್ರೆಯ ನೆಲದ ಮೇಲೆ ನಾನು ಮಲಗಿದ್ದಾಗ ನಿಮ್ಮ ತಾತ ಅದನ್ನು ನೀಲಿ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ನನಗೆ ಮುಖ ತೋರಿಸಲಿಲ್ಲ. ತೋರಿಸಿದರೆ ಹಾಲು ಇಳಿಯುತ್ತದೆ ಎಂದು ನರ್ಸಮ್ಮ ಅಂದಳು. ಹಾಲು ಹೇಗೂ ಇಳಿಯಿತು. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದರೆ, ಕಡಲ ಕಡೆ ಎಂದಷ್ಟೇ ಹೇಳಿದರು. ಮತ್ತೆ ಕೇಳಲಿಲ್ಲ. ನಾನು ಕೇಳುವವಳಲ್ಲ.

ಕಾಲೇಜಿಗೆ ಸೇರಿದ ಎರಡನೆಯ ವರ್ಷ, ಕಸ ಗುಡಿಸುವ ಅಕ್ಕ ನನ್ನೊಂದಿಗೆ ಉಣ್ಣುತ್ತಾ, ಮಾತಿನ ನಡುವೆ ಮಾತಾಗಿ ಹೇಳಿದಳು. "ಆ ಪರದೆ ಹಿಂದೆ ಕಡೈಸಿ ಬಾಟ್ಲು, ಕೊನೇದು ಇದೆಯಲ್ಲ, ಅದು ನಿಮ್ಮ ವೀಟ್ಟುಕಾರರೇ, ನಿಮ್ಮ ಯಜಮಾನರೇ ಎತ್ತಿಕೊಂಡು ಬಂದದ್ದು. ನಾನೇ ಗೇಟಲ್ಲಿ ನೋಡಿದೆ, ನೀಲ ಟವೆಲ್‌ಲ ಸುತ್ತಿಕೊಂಡು." ಆಸ್ಪತ್ರೆಯವರು ಕಾಲೇಜಿಗೆ ಕೊಟ್ಟು ಕಳಿಸಿದ್ದಿರಬೇಕು ಎಂದು ಅವಳ ಎಣಿಕೆ. ನಮ್ಮ ಮನೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ನಾನು ಅನ್ನ ಕಲಸುತ್ತಲೇ ಇದ್ದೆ.

ಅಂದಿನಿಂದ ಆ ಪರದೆ ನನಗೆ ಪರದೆಯಾಗಿ ಉಳಿಯಲಿಲ್ಲ. ನೆಲ ಒರೆಸುತ್ತಾ ಅದರ ಅಂಚಿನವರೆಗೆ ಹೋಗಿ ಬಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಸಾರ್‌ಗೆ ಗೊತ್ತಿರಲೇಬೇಕು. ಕೇಳಿದರೆ ಸಾಕು. ಆದರೆ ಬೇರೆಯವರಾಗಿದ್ದರೆ ಕೇಳಬಹುದಿತ್ತು. ಅಂಥವರು ನನ್ನ ಮುಖ ನೋಡಿ, ಅದಕ್ಕೆ ಬೇಕಾದ ಉತ್ತರ ಕೊಡುತ್ತಿದ್ದರು. ಇವರನ್ನು ಕೇಳಿದರೆ ನಿಜವೇ ಬರುತ್ತದೆ. ಹದಿನೈದು ವರ್ಷ ಪ್ರತಿದಿನ ಅವರ ಡಬ್ಬಿ ಮೂಸಿದೆ, ಆ ಮಾತು ಮಾತ್ರ ಕೇಳಲಿಲ್ಲ.

ನಿಮ್ಮಲ್ಲಿ ದೊಡ್ಡವನು ಹೊಟ್ಟೆಯಲ್ಲಿದ್ದಾಗ ಅವರು ಸಂತೋಷದಿಂದ ಒಂದು ವಿಷಯ ಹೇಳಿದರು. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಮುಂದಿನ ಮಕ್ಕಳಿಗೆ ಬೇಕಾದ ಮೊಟ್ಟೆಗಳು ಅವಳೊಳಗೆ ಬಂದುಬಿಟ್ಟಿರುತ್ತವೆ. "ನಿನ್ನ ಮಗಳು ನಿನ್ನ ಹೊಟ್ಟೇಲಿದ್ದಾಗ ಈ ಮೊಮ್ಮಗುವಿನ ಬೀಜಾನೂ ನೀನೇ ಹೊತ್ತಿದ್ದೆ ಅಮ್ಮಾ," ಎಂದರು. ನನಗೆ ನಿಮ್ಮ ನೆನಪು ಬರಲಿಲ್ಲ, ಕ್ಷಮಿಸಿ. ಪರದೆಯ ಹಿಂದಿನ ಸೀಸೆ ನೆನಪಾಯಿತು. ಅದರೊಳಗೂ ಅಷ್ಟೂ ಇರಬೇಕಲ್ಲ, ಹುಟ್ಟದೆ ಹೋದವಳ ಹುಟ್ಟದೆ ಹೋದ ಮಕ್ಕಳು. ನನ್ನ ಮುಖದಲ್ಲಿ ಏನು ಕಂಡಿತೋ, ಅವರು ಮಾತು ನಿಲ್ಲಿಸಿ ಡಬ್ಬಿ ಮುಚ್ಚಿದರು. ಆ ದಿನ ಅದನ್ನು ನನ್ನಿಂದ ಮೂಸಿಸಲೂ ಇಲ್ಲ.

ನಾನು ಸೇರಿದ ಐದನೆಯ ವರ್ಷಕ್ಕೇ ಅವರಿಗೆ ನಿವೃತ್ತಿಯಾಗಿತ್ತು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅವರೂ ಬರುವುದು ಬಿಡಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಬಂದು ಅದೇ ಕೋಟು ತೊಡುತ್ತಿದ್ದರು. ಪ್ರಾಣಿ ಕೊಯ್ದು ಕಲಿಸುವುದು ನಿಂತಿತ್ತು. ಹುಡುಗರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. ಸೀಸೆ ನೋಡಲು ಬರುವವರು ಕಡಿಮೆಯಾದರು. ಎರಡು ವರ್ಷದ ಹಿಂದೆ ಅವರ ಮೂಗಿನಿಂದ ರಕ್ತ ಬರಲು ಶುರುವಾಯಿತು. ಫಾರ್ಮಲಿನ್ನಿನಿಂದಲೇ ಬಂತೇ ಸಾರ್ ಎಂದು ಕೇಳಿದೆ. "ಇದ್ದರೂ ಇರಬಹುದು. ಆ ಔಷಧಕ್ಕೂ ಈ ರೋಗಕ್ಕೂ ಸಂಬಂಧ ಇದೆ ಅಂತ ಓದಿದೀನಿ. ಆದ್ರೆ ನನ್ನೊಬ್ಬನ್ನ ನೋಡಿ ಹಾಗೆ ಹೇಳಬಾರದು," ಎಂದರು. ತಮ್ಮ ಸಾವಿನ ವಿಷಯದಲ್ಲೂ ಅವರು ಅಳತೆ ಬಿಟ್ಟು ಮಾತಾಡಲಿಲ್ಲ. ಆಮೇಲೆ ಬರುವುದು ನಿಂತಿತು.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಆರ್ಡರ್ ಬಂತು. ಮ್ಯೂಸಿಯಂ ಖಾಲಿ ಮಾಡಿ ಕಂಪ್ಯೂಟರ್ ಲ್ಯಾಬ್ ಮಾಡುವುದು. ಪ್ರಾಣಿಗಳು ಬೇರೊಂದು ಕಾಲೇಜಿಗೆ. ಪರದೆ ಹಿಂದಿನ ಆರನ್ನು ಆಸ್ಪತ್ರೆ ಕಸ ಒಯ್ಯುವ ವ್ಯಾನಿಗೆ, ಹಳದಿ ಚೀಲದಲ್ಲಿ ಹಾಕಿ, ಸುಡಲು. ಗುರುವಾರ ಮೂರು ಗಂಟೆಗೆ ವ್ಯಾನು.

ಮಂಗಳವಾರ ಸಾರ್ ಮನೆಗೆ ಹೋದೆ. ಕೃಶವಾಗಿ ಮಂಚದಲ್ಲಿದ್ದರು. ದನಿ ಮೂಗಿನಲ್ಲೇ ಸಿಕ್ಕಿಕೊಂಡು ಬರುತ್ತಿತ್ತು. ಆರ್ಡರಿನ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿದರು. ಇನ್ನು ಕೇಳದಿದ್ದರೆ ಎಂದೂ ಕೇಳಲಾಗುವುದಿಲ್ಲ.

"ಸಾರ್, ಕೊನೆಯ ಸೀಸೆಯಲ್ಲಿರೋದು ನನ್ನ ಮಗುವಾ?"

"ಹೌದಮ್ಮಾ," ಎಂದರು.

ಅಷ್ಟೇ. ಒಂದು ಉಸಿರಿನ ತಡವೂ ಇರಲಿಲ್ಲ. ಬಹುಶಃ ಅವರೂ ಆ ಪ್ರಶ್ನೆಗಾಗಿ ಅಷ್ಟೂ ವರ್ಷ ಕಾದಿದ್ದರು. ಆಮೇಲೆ ಒಂದೊಂದೇ ಮಾತು ತೆಗೆದು ಹೇಳಿದರು. ಆ ಬೆಳಿಗ್ಗೆ ನಿಮ್ಮ ತಾತ ಸುಡುಗಾಡಿಗೇ ಹೋಗಿದ್ದರಂತೆ. ಅಲ್ಲಿನ ಕಾವಲುಗಾರ ಆಸ್ಪತ್ರೆಯ ಕಾಗದ ಕೇಳಿದ. ಇವರ ಹತ್ತಿರ ಇರಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಟವೆಲಿನ ಗಂಟು ಹಿಡಿದು ಕಾಲೇಜಿಗೆ ಬಂದರು. "'ಇಲ್ಲೇ ಇಟ್ಟುಬಿಡಿ ಸಾರ್, ದಿನಾ ನೋಡ್ತೀನಿ, ನನ್ನ ಹೆಂಡತಿಗೆ ಗೊತ್ತಾಗಬಾರದು' ಅಂದ. ಅಳ್ತಿದ್ದ. ನಾನು ಕಾಗದ ಮಾಡಿಸಿಕೊಡ್ತೀನಿ, ಮಣ್ಣು ಮಾಡೋಣ ಅನ್ನಬೇಕಾಗಿತ್ತು."

"ಯಾಕೆ ಅನ್ನಲಿಲ್ಲ?"

"ಏಳನೇ ತಿಂಗಳಿನದು ನಮ್ಮಲ್ಲಿ ಇರಲಿಲ್ಲ," ಎಂದರು. "ಐದು ಇತ್ತು. ಆರನೇದಕ್ಕೆ ಜಾಗ ಬಿಟ್ಟಿದ್ದೆ. ಆಸೆ ಪಟ್ಟೆ ಅಮ್ಮಾ. ನಿನ್ನನ್ನ ಕೇಳಬೇಕಿತ್ತು. ಕೇಳಲಿಲ್ಲ."

ಗೋಡೆಯ ಮೇಲೆ ಅವರ ತಾಯಿಯ ಪಟವಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವರೇ ಮುಂದುವರಿಸಿದರು. "ಇನ್ನೊಂದು ವಿಷಯ. ಬಸಿರಲ್ಲಿದ್ದ ಮಗುವಿನ ಜೀವಕಣ ತಾಯಿಯ ರಕ್ತಕ್ಕೆ ಹೋಗುತ್ತೆ. ಮಗು ಹೋದ ಮೇಲೂ ಅಲ್ಲೇ ಇರುತ್ತೆ. ಎಷ್ಟೋ ವರ್ಷ."

"ಸಮಾಧಾನಕ್ಕೆ ಹೇಳಬೇಡಿ ಸಾರ್."

"ಸಮಾಧಾನ ಹೇಳೋಕೆ ನನಗೆ ಬರೋಲ್ಲ. ಇದು ಓದಿದ್ದು. ಮುದುಕಿಯರ ಮೆದುಳಲ್ಲೂ ಕಂಡಿದಾರೆ. ನಿನ್ನಲ್ಲಿ ಇದೆಯಾ ಅಂದ್ರೆ, ನೋಡದೆ ಹೇಳಲಾರೆ."

ನಾನು ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದು ಬಂದೆ. ಟ್ರೈನಿನಲ್ಲಿ ಹೆಂಗಸರ ಡಬ್ಬಿ ತುಂಬಿತ್ತು. ನಿಂತೇ ಬಂದೆ. ನಿಮ್ಮ ತಾತನ ಮೇಲೆ ಬಂದ ಕೋಪ ಹೇಳಿ ಮುಗಿಯದು. ಮಗು ಹೋದ ಮೇಲೆ ಒಂದು ದಿನವೂ ಅಳಲಿಲ್ಲ ಈ ಮನುಷ್ಯ ಎಂದು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಆತ ದಿನಾ ಹತ್ತು ನಿಮಿಷ ಮುಂಚೆ ಮನೆ ಬಿಡುತ್ತಿದ್ದದ್ದು ಯಾಕೆಂದು ವಿಲ್ಲಿವಾಕ್ಕಂ ಸ್ಟೇಷನ್ ದಾಟುವಾಗ ತಿಳಿಯಿತು.

ಬುಧವಾರ, ಆ ಕಾಲೇಜಿಗೆ ಸೇರಿದ ಮೇಲೆ ಮೊದಲ ಸಲ, ನಾನಾಗಿ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ಹೋದೆ. ಆರರಲ್ಲಿ ಒಂದು ನನ್ನದು, ಮಣ್ಣು ಮಾಡಲು ಕೊಡಿ ಎಂದು ತಮಿಳಿನಲ್ಲಿ ಹೇಳಿದೆ. ಅವರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು. ರಿಜಿಸ್ಟರ್ ತರಿಸಿ ತೆಗೆದು, ಬೆರಳಿಟ್ಟು ಓದಿದರು. ಆರನೆಯ ಸೀಸೆ, ಏಳನೆಯ ತಿಂಗಳು, ಹೆಣ್ಣು. ಎಲ್ಲಿಂದ ಬಂದದ್ದು ಎಂಬ ಕಡೆ: ಆಸ್ಪತ್ರೆಯಿಂದ, ತಂದೆತಾಯಿ ಗೊತ್ತಿಲ್ಲ. ಸಾರ್ ಕೈಬರಹ.

"ಇಲ್ಲಿ ಹೀಗಿದೆಯಲ್ಲಮ್ಮಾ," ಎಂದರು ಮೇಡಂ. "ನಾನು ಏನು ಮಾಡಲಿ, ನೀವೇ ಸೊಲ್ಲುಂಗೋ. ನಾಳೆ ಯಾರಾದರೂ ಕೇಳಿದರೆ ಯಾವ ಕಾಗದ ತೋರಿಸಲಿ?"

ಹೇಗೋ ಸುದ್ದಿ ಮುಟ್ಟಿ ಗುರುವಾರ ಬೆಳಿಗ್ಗೆ ಸಾರ್ ಆಟೋದಲ್ಲಿ ಬಂದರು. ಸೊಸೆ ತೋಳು ಹಿಡಿದುಕೊಂಡಿದ್ದಳು. ಮೇಡಂ ಮುಂದೆ ನಿಂತೇ ಹೇಳಿದರು. "ಆ ಎಂಟ್ರಿ ಸುಳ್ಳು. ಇವಳ ಗಂಡ ಬೇಡಿಕೊಂಡ, ಹೆಸರು ಮರೆಸಿ ಬರೆದೆ. ಇದು ಇವಳ ಮಗು. ಇದು ಕಂಡದ್ದು."

ಮೇಡಂ ಅವರನ್ನು ಕನಿಕರದಿಂದ ನೋಡಿದರು. ಸೊಸೆಯ ಕಡೆ ತಿರುಗಿ, "ಏನು ಮಾತ್ರೆ ಕೊಡ್ತಿದಾರೆ ಇವರಿಗೆ?" ಎಂದು ಕೇಳಿದರು. ಮೂವತ್ತೈದು ವರ್ಷ ಯಾರ ಸುಳ್ಳನ್ನೂ ಬಿಡದ ಮನುಷ್ಯ, ಬರೆದ ಒಂದೇ ಒಂದು ಸುಳ್ಳನ್ನು ತಾನೇ ಅಳಿಸಲಾರದೆ ಮೇಜಿನ ಅಂಚು ಹಿಡಿದು ನಿಂತರು. ಆ ಮುಖ ನೋಡಿದ ಮೇಲೆ ನನಗೆ ಅವರ ಮೇಲೆ ಕೋಪ ಇಟ್ಟುಕೊಳ್ಳಲು ಆಗಲಿಲ್ಲ.

ವ್ಯಾನು ಮೂರಕ್ಕೇ ಬಂತು. ಆರನ್ನೂ ಒಯ್ಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಬೇರೇನಾದರೂ ಆಗಲಿ ಎಂದು ಕಾಯಬಾರದು.

ಆದರೆ ಚೀಲಕ್ಕೆ ಹಾಕುವ ಮೊದಲು ಸೀಸೆ ತೆರೆದು ಫಾರ್ಮಲಿನ್ ಬೇರೆ ಬಸಿಯಬೇಕು, ಅದು ನಿಯಮ. ಆ ಕೆಲಸ ಬಲ್ಲವರು ಸಾರ್ ಒಬ್ಬರೇ. ಒಂದು ಗಂಟೆಗೆ ಅವರು ಸೊಸೆಯನ್ನು ಹೊರಗೆ ಕೂರಿಸಿ, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಜನಿವಾರದಿಂದ ಬೀಗದ ಕೈ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಮೊದಲ ಐದನ್ನು ಅವರೇ ಬಸಿದರು, ನಾನು ಹಿಡಿದುಕೊಂಡೆ. ಆರನೆಯದರ ಮೇಣವನ್ನು ಚಾಕುವಿನಿಂದ ಸುತ್ತಲೂ ಬಿಡಿಸಿ ಅವರು ಹಿಂದೆ ಸರಿದರು. "ಗ್ಲೌಸ್ ಹಾಕ್ಕೋ ಅಮ್ಮಾ, ಕೈ ಸುಲಿಯುತ್ತೆ." ನಾನು ಹಾಕಿಕೊಳ್ಳಲಿಲ್ಲ. ಅವರು ಮತ್ತೆ ಹೇಳಲಿಲ್ಲ. ಅವಳನ್ನು ಹೊರಗೆ ತೆಗೆದು, ನಲ್ಲಿ ನೀರು ಬಿಟ್ಟು ಬಹಳ ಹೊತ್ತು ಹಿಡಿದಿದ್ದೆವು. ಒಲೆಬೂದಿಯ ಬಣ್ಣ. ಗಟ್ಟಿಯಾಗಿ ಮುದುಡಿದ ಕೈಕಾಲು. ಕಿವಿ ಪೂರ್ತಿ ಇತ್ತು. ಉಗುರು ಇತ್ತು. ಹಣೆ ನಿಮ್ಮ ತಾತನದ್ದೇ, ಅಗಲ.

ಆಮೇಲೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಲಿಲ್ಲ. ಸಿಮೆಂಟು ನೆಲದ ಮೇಲೆ ಗೋಡೆಗೆ ಒರಗಿ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಕಾಲು ನೀಡಿದೆ. ನಮ್ಮ ಕಡೆ ಹಸುಗೂಸಿಗೆ ಎರೆಯುವುದು ಹಾಗೆ. ನಿಮ್ಮ ಅಮ್ಮನಿಗೂ, ನಿಮ್ಮಿಬ್ಬರಿಗೂ ಹಾಗೇ ಎರೆದೆ. ಅವಳನ್ನು ಮೊಣಕಾಲುಗಳ ನಡುವೆ ಮಲಗಿಸಿಕೊಂಡೆ. ಎರೆಯುವವಳು ಒಬ್ಬಳಿದ್ದರೆ ನೀರು ಹುಯ್ಯಲು ಇನ್ನೊಬ್ಬರು ಬೇಕು.

ಸಾರ್ ಮೇಣ ಕರಗಿಸುವ ಬರ್ನರ್ ಹಚ್ಚಿ, ದೊಡ್ಡ ಬೀಕರಿನಲ್ಲಿ ನೀರು ಕಾಯಿಸಿದರು. ಬಕೆಟ್ಟಿನಲ್ಲಿ ತಣ್ಣೀರಿಗೆ ಬೆರೆಸಿ, ಮೊಣಕೈ ಅದ್ದಿ ನೋಡಿದರು. ಒಂದು ಬೀಕರು ತುಂಬಿ, ಬಗ್ಗಿ, ನಿಧಾನವಾಗಿ ಹುಯ್ದರು. ನಾನು ಬೆನ್ನು ಸವರಿದೆ, ಕುತ್ತಿಗೆಯ ಸಂದು ತೊಳೆದೆ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದೆ.

"ಬಿಸಿ ಜಾಸ್ತಿ ಆಯ್ತಾ ಅಮ್ಮಾ?" ಎಂದು ಕೇಳಿದರು.

ಇದಕ್ಕೆ ಬಿಸಿಯೂ ಇಲ್ಲ, ತಂಪೂ ಇಲ್ಲ ಎಂಬುದನ್ನು ಲೋಕದಲ್ಲಿ ಅವರಷ್ಟು ಬಲ್ಲವರು ಯಾರು?

"ಇಲ್ಲ ಸಾರ್, ಹದವಾಗಿದೆ," ಎಂದೆ.

ಅವರು ಇನ್ನೊಂದು ಬೀಕರು ತುಂಬಿಕೊಂಡರು.